ಕೊಳವೆ ತೆಗೆದ ಮೇಲೂ ಉಸಿರಿನ ಸದ್ದಿಗೆ ಕಿವಿಗೊಡಿ

ಏಳು ತಿಂಗಳಿಗೇ ಹುಟ್ಟಿದ ಕೂಸು, ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯುಗಳ ಬಲ ಕಳೆದುಕೊಂಡ ಹುಡುಗ, ನ್ಯುಮೋನಿಯಾ ಉಲ್ಬಣಿಸಿದ ಹಸುಳೆ, ಮಿದುಳುಜ್ವರದಿಂದ ಪ್ರಜ್ಞೆ ತಪ್ಪಿದ ಹುಡುಗಿ: ಇಂಥ ಮಕ್ಕಳು ತಾವಾಗಿ ಉಸಿರಾಡಲಾರದ ಸ್ಥಿತಿಗೆ ಬಂದಾಗ ವೈದ್ಯರು ಬಾಯಿ ಅಥವಾ ಮೂಗಿನ ಮೂಲಕ ಶ್ವಾಸನಾಳದೊಳಕ್ಕೆ ಸಣ್ಣ ಪ್ಲಾಸ್ಟಿಕ್ ಕೊಳವೆ ಇಳಿಸಿ ವೆಂಟಿಲೇಟರಿಗೆ ಜೋಡಿಸುತ್ತಾರೆ. ಈ ಕೊಳವೆ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಅದು ದಿನಗಟ್ಟಲೆ ಒಳಗಿದ್ದಾಗ ಕೆಲವು ಮಕ್ಕಳ ಗಂಟಲಿನೊಳಗೆ ಗಾಯವಾಗುತ್ತದೆ. ಆ ಗಾಯ ಮಾಯುವಾಗ ಗಟ್ಟಿ ಕಲೆ ಕಟ್ಟಿ ಗಾಳಿಯ ದಾರಿ ಕಿರಿದಾಗುತ್ತದೆ. ವೈದ್ಯರು ಇದನ್ನು ಸಬ್‌ಗ್ಲಾಟಿಕ್ ಸ್ಟೆನೋಸಿಸ್ ಎನ್ನುತ್ತಾರೆ. ತೊಂದರೆಯ ಸ್ವಭಾವ ಎಂಥದೆಂದರೆ, ಕೊಳವೆ ತೆಗೆದ ದಿನ ಮಗು ಚೆನ್ನಾಗಿಯೇ ಉಸಿರಾಡಬಹುದು. ಮನೆಗೆ ಬಂದು ಎರಡು ವಾರವೋ ಆರು ವಾರವೋ ಕಳೆದ ಮೇಲೆ ಉಸಿರಿನಲ್ಲಿ ಸದ್ದು ಶುರುವಾಗಬಹುದು. ಅಷ್ಟರಲ್ಲಿ ಕೊಳವೆಯ ಸಂಗತಿ ಹಿಂದೆ ಸರಿದಿರುತ್ತದೆ. ಊರಿನ ವೈದ್ಯರ ಮುಂದೆ ಬಂದು ನಿಲ್ಲುವುದು ಕೆಮ್ಮು, ಶೀತ, ಉಬ್ಬಸ ಎಂಬ ದೂರು ಮಾತ್ರ. ಆದ್ದರಿಂದ ಈ ಲೇಖನ ಒತ್ತಿ ಹೇಳಬೇಕಾದದ್ದು ಒಂದೇ ಮಾತು. ಕೊಳವೆ ಹಾಕಿಸಿಕೊಂಡ ಮಗುವಿನ ಪ್ರತಿ ಸದ್ದಿನ ಉಸಿರನ್ನೂ ಆ ಕೊಳವೆಯ ಚರಿತ್ರೆಯೊಂದಿಗೇ ಓದಬೇಕು. ಆ ಚರಿತ್ರೆ ಆಸ್ಪತ್ರೆಯ ಕಡತದಲ್ಲಿ ಉಳಿಯದೆ ಮನೆಯವರ ಕೈಗೆ ಬರಬೇಕು.

ಒಂದು ಮಿಲಿಮೀಟರಿನ ಬೆಲೆ

ಧ್ವನಿತಂತುಗಳ ಕೆಳಗೆ ಕ್ರೈಕಾಯ್ಡ್ ಎಂಬ ಮೃದ್ವಸ್ಥಿ ಇದೆ. ಅದರ ಕೆಳಗಿನ ಶ್ವಾಸನಾಳದ ಉಂಗುರಗಳೆಲ್ಲ ಹಿಂಬದಿಯಲ್ಲಿ ತೆರೆದಿದ್ದು, ಅಗತ್ಯ ಬಿದ್ದಾಗ ಕೊಂಚ ಹಿಗ್ಗಬಲ್ಲವು. ಕ್ರೈಕಾಯ್ಡ್ ಮಾತ್ರ ಗಾಜಿನ ಬಳೆಯ ಹಾಗೆ ಸುತ್ತಲೂ ಮುಚ್ಚಿಕೊಂಡಿದೆ. ಒಳಗಿನ ಲೋಳೆಪೊರೆ ಊದಿಕೊಂಡರೆ ಹೊರಕ್ಕೆ ಹೋಗಲು ಜಾಗವಿಲ್ಲ, ಒಳಕ್ಕೇ ಬರಬೇಕು. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಇಲ್ಲಿನ ಒಳಅಗಲ ಸುಮಾರು 4.5ರಿಂದ 5.5 ಮಿಲಿಮೀಟರ್, ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ 3.5ರ ಆಸುಪಾಸು. ಲೆಕ್ಕಕ್ಕೆ 4 ಮಿಲಿಮೀಟರ್ ಎಂದು ಹಿಡಿಯೋಣ. ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊತ ಬಂದರೆ ಅಗಲ 2 ಮಿಲಿಮೀಟರಿಗೆ ಇಳಿಯುತ್ತದೆ, ಗಾಳಿ ಹೋಗುವ ಜಾಗ ನಾಲ್ಕನೇ ಒಂದು ಭಾಗಕ್ಕೆ ಕುಗ್ಗುತ್ತದೆ. ನಳಿಗೆಯಲ್ಲಿ ಗಾಳಿ ಶಾಂತವಾಗಿ ಹರಿಯುವಾಗ ಅದಕ್ಕೆ ಎದುರಾಗುವ ತಡೆ ಅಗಲದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಅಂದರೆ ಇಲ್ಲಿ ತಡೆ ಹದಿನಾರು ಪಟ್ಟಾಗುತ್ತದೆ. ಮಗು ಅತ್ತು ರಂಪ ಮಾಡುವಾಗ ಗಾಳಿ ಸುಳಿಸುಳಿಯಾಗಿ ಹರಿಯುವುದರಿಂದ ತಡೆ ಇನ್ನೂ ಹೆಚ್ಚು. 8 ಮಿಲಿಮೀಟರ್ ಅಗಲದ ನಾಳದಲ್ಲಿ ಅಷ್ಟೇ ಊತ ಬಂದರೆ ತಡೆ ಮೂರು ಪಟ್ಟಾಗುತ್ತದೆ, ಅಷ್ಟೆ. ದೊಡ್ಡವರಿಗೆ ಗಂಟಲು ಕೆರೆತವಾಗಿ ಮುಗಿಯುವ ನೆಗಡಿ ಈ ಮಕ್ಕಳಿಗೆ ಉಸಿರು ಕಟ್ಟಿಸುವ ಕಾಯಿಲೆಯಾಗುವುದು ಇದಕ್ಕಾಗಿಯೇ.

ಗಾಯ ಆಗುವ ಬಗೆಯೂ ಸರಳವಾಗಿಯೇ ಇದೆ. ಲೋಳೆಪೊರೆಯ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹರಿಯುವ ಒತ್ತಡ ಕಡಿಮೆ. ಕೊಳವೆ ಅದಕ್ಕಿಂತ ಬಿಗಿಯಾಗಿ ಒತ್ತಿದರೆ ಆ ಜಾಗಕ್ಕೆ ರಕ್ತ ನಿಲ್ಲುತ್ತದೆ. ಮೊದಲು ಊತ, ಆಮೇಲೆ ಹುಣ್ಣು. ಹುಣ್ಣಿಗೆ ಸೋಂಕು ಸೇರಿದರೆ ಅಡಿಯ ಮೃದ್ವಸ್ಥಿಯೇ ತೆರೆದುಕೊಳ್ಳಬಹುದು. ಮಾಯುವ ಹಂತದಲ್ಲಿ ಕೆಂಪು ಮಾಂಸಾಂಕುರ ಬೆಳೆಯುತ್ತದೆ. ವಾರಗಳು ಕಳೆದಂತೆ ಅದು ನಾರಾಗಿ, ಒಳಕ್ಕೆ ಎಳೆದುಕೊಳ್ಳುವ ಕಲೆಯಾಗುತ್ತದೆ. ಲಕ್ಷಣಗಳು ತಡವಾಗಿ ಬರುವುದಕ್ಕೆ ಕಾರಣ ಈ ಕೊನೆಯ ಹಂತ. ಕೊಳವೆ ಇರುವವರೆಗೆ ಗಾಯದ ಮೇಲೆ ಗಾಳಿಗೆ ದಾರಿ ಇರುತ್ತದೆ. ಅದನ್ನು ತೆಗೆದ ಮೇಲೆ ಕಲೆ ನಿಧಾನವಾಗಿ ಬಿಗಿಯುತ್ತದೆ. 1960ರ ದಶಕದವರೆಗೆ ದೀರ್ಘಕಾಲದ ಉಸಿರಾಟದ ನೆರವಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡುವ ಟ್ರೇಕಿಯಾಸ್ಟಮಿಯೇ ರೂಢಿಯಲ್ಲಿತ್ತು. 1965ರಲ್ಲಿ ಆಸ್ಟ್ರೇಲಿಯಾದ ಮೆಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್, ಮೂಗಿನಿಂದ ಇಳಿಸಿದ ಕೊಳವೆಯನ್ನು ಮಕ್ಕಳಲ್ಲಿ ಬಹುಕಾಲ ಇಡಬಹುದೆಂದು ತಮ್ಮ ಆಸ್ಪತ್ರೆಯ ಅನುಭವ ಪ್ರಕಟಿಸಿದರು. ಅಲ್ಲಿಂದಾಚೆ ಎಳೆಯ ಮಕ್ಕಳು ಬದುಕುಳಿಯುವುದು ಹೆಚ್ಚಿತು. ಕೊಳವೆಯಿಂದಾದ ಈ ಕಿರಿದಾಗುವಿಕೆಯೂ ಹೊಸ ಕಾಯಿಲೆಯಾಗಿ ಎದ್ದು ಕಂಡಿತು. ಈ ತೊಂದರೆ ಹುಟ್ಟಿದ್ದು ಚಿಕಿತ್ಸೆಯ ಗೆಲುವಿನಿಂದಲೇ. ಹಾಗಾಗಿ ಅದನ್ನು ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವಾಗಬೇಕು.

ಯಾರಿಗೆ ಅಪಾಯ ಹೆಚ್ಚು?

ದಿನಗಳ ಸಂಖ್ಯೆ ಮುಖ್ಯ, ಆದರೆ ಅದೊಂದೇ ಅಲ್ಲ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆಯ ತಂಡವೊಂದು ತೀವ್ರ ನಿಗಾ ಘಟಕದಲ್ಲಿ ಕೊಳವೆ ಹಾಕಿಸಿಕೊಂಡಿದ್ದ ಮಕ್ಕಳನ್ನು ಹಿಂಬಾಲಿಸಿ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಈ ಕಿರಿದಾಗುವಿಕೆ ಕಂಡಿತು. ಕೊಳವೆ ಹೆಚ್ಚುವರಿಯಾಗಿ ಐದು ದಿನ ಇದ್ದಂತೆಲ್ಲ ಅಪಾಯ ಸುಮಾರು ಅರ್ಧದಷ್ಟು ಏರಿತು. ಮಂಪರು ಔಷಧದ ಹೆಚ್ಚುವರಿ ಡೋಸ್ ಬೇಕಾದ ಮಕ್ಕಳಲ್ಲೂ ಅಪಾಯ ಹೆಚ್ಚಿತ್ತು. ಚಡಪಡಿಸುವ ಮಗುವಿನ ಗಂಟಲಿನಲ್ಲಿ ಕೊಳವೆ ಮೇಲೆ ಕೆಳಗೆ ಉಜ್ಜುತ್ತಿರುತ್ತದೆ ಎಂಬುದು ಇದಕ್ಕೆ ಹೊಂದುವ ವಿವರಣೆ. ಇದರ ಜೊತೆಗೆ ಅಳತೆಗಿಂತ ದಪ್ಪನೆಯ ಕೊಳವೆ, ಪದೇಪದೇ ತೆಗೆದು ಹಾಕುವುದು, ಅಕಸ್ಮಾತ್ ಕಿತ್ತುಬಂದು ಅವಸರದಲ್ಲಿ ಮತ್ತೆ ಹಾಕುವುದು, ರಕ್ತದೊತ್ತಡ ಕುಸಿತ, ಸೋಂಕು, ಹೊಟ್ಟೆಯ ಆಮ್ಲ ಗಂಟಲಿಗೆ ಏರುವುದು ಎಲ್ಲವೂ ಗಾಯವನ್ನು ಹೆಚ್ಚಿಸುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಗಾಳಿಯ ದಾರಿ ಹುಟ್ಟಿನಿಂದಲೇ ಕಿರಿದು. ಅವರಿಗೆ ವಯಸ್ಸಿನ ಲೆಕ್ಕಕ್ಕಿಂತ ಸಣ್ಣ ಕೊಳವೆ ಬೇಕಾಗುತ್ತದೆ. ಅಚ್ಚರಿಯೆಂದರೆ ನವಜಾತ ಶಿಶುಗಳು ವಾರಗಟ್ಟಲೆಯ ಕೊಳವೆಯನ್ನು ದೊಡ್ಡ ಮಕ್ಕಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ; ಅವುಗಳ ಮೃದ್ವಸ್ಥಿ ನೀರಿನಂಶ ಹೆಚ್ಚಿದ್ದು ಮೆದುವಾಗಿರುವುದು ಅದಕ್ಕೆ ಕಾರಣ ಎನ್ನಲಾಗುತ್ತದೆ. ಹಾಗೆಂದು ಇಷ್ಟು ದಿನದವರೆಗೆ ಭಯವಿಲ್ಲ ಎಂಬ ಗೆರೆ ಯಾವ ವಯಸ್ಸಿಗೂ ಇಲ್ಲ.

ಕೊಳವೆಯ ತುದಿಯಲ್ಲಿ ಗಾಳಿ ತುಂಬುವ ಪುಟ್ಟ ಬಲೂನು, ಅಂದರೆ ಕಫ್, ಇರಬೇಕೇ ಬೇಡವೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಎಳೆಯ ಮಕ್ಕಳಿಗೆ ಕಫ್ ಬೇಡವೇ ಬೇಡ ಎಂಬುದು ಹಳೆಯ ಪಾಠ. ಯುರೋಪಿನ ಹಲವು ಆಸ್ಪತ್ರೆಗಳು ಸೇರಿ, ಹುಟ್ಟಿನಿಂದ ಐದು ವರ್ಷದೊಳಗಿನ 2,246 ಮಕ್ಕಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಕೊಳವೆ ತೆಗೆದ ಮೇಲಿನ ಸದ್ದಿನ ಉಸಿರು ಕಫ್ ಇದ್ದವರಲ್ಲಿ ಶೇ. 4.4, ಇಲ್ಲದವರಲ್ಲಿ ಶೇ. 4.7. ಅಳತೆ ಹೊಂದದೆ ಕೊಳವೆ ಬದಲಿಸಬೇಕಾದದ್ದು ಕಫ್ ಇದ್ದಾಗ ಶೇ. 2.1, ಇಲ್ಲದಾಗ ಶೇ. 30.8. ಒಂದು ಎಚ್ಚರ ಇಲ್ಲಿ ಬೇಕು. ಅದು ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಪಡೆದ ಮಕ್ಕಳ ಅಧ್ಯಯನ. ವಾರಗಟ್ಟಲೆಯ ವೆಂಟಿಲೇಟರಿನ ಮಾತಲ್ಲ. ಆದರೂ ತಿಳಿದುಬಂದ ತತ್ವ ಎರಡಕ್ಕೂ ಹೊಂದುತ್ತದೆ: ಕೇಡು ಮಾಡುವುದು ಕಫ್ ಎಂಬ ವಸ್ತುವಿಗಿಂತ ಅಳೆಯದೆ ಬಿಟ್ಟ ಒತ್ತಡ. ಕಫ್‌ನೊಳಗಿನ ಒತ್ತಡವನ್ನು 20ರಿಂದ 25 ಸೆಂಟಿಮೀಟರ್ ನೀರಿನ ಮಟ್ಟ ಮೀರದಂತೆ ಸಣ್ಣ ಮೀಟರಿನಿಂದ ಅಳೆಯುವುದು ಕಷ್ಟದ ಕೆಲಸವಲ್ಲ, ದುಬಾರಿಯೂ ಅಲ್ಲ.

ಇನ್ನೂ ಒಳ್ಳೆಯ ದಾರಿ ಕೊಳವೆಯ ಅಗತ್ಯವನ್ನೇ ತಗ್ಗಿಸುವುದು. ಸತತ ಒತ್ತಡದಲ್ಲಿ ಗಾಳಿ ಕೊಟ್ಟು ಶ್ವಾಸಕೋಶ ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 1971ರಲ್ಲಿ ಅವಧಿಪೂರ್ವ ಶಿಶುಗಳಿಗಾಗಿ ಮುಂದಿಟ್ಟರು. ಇಂದು ನಮ್ಮ ನವಜಾತ ಶಿಶು ಘಟಕಗಳಲ್ಲಿ ಕಾಣುವ, ಮೂಗಿನ ಮೂಲಕ ಗಾಳಿ ಕೊಡುವ ನೀರಿನ ಬಾಟಲಿಯ ಬಬಲ್ ಸಿಪ್ಯಾಪ್ ಅದೇ ತತ್ವದ್ದು. 2020ರಲ್ಲಿ ಭಾರತದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು. ಇವರಲ್ಲಿ ಎಷ್ಟು ಮಕ್ಕಳನ್ನು ಸಿಪ್ಯಾಪ್‌ನಲ್ಲೇ ಗಟ್ಟಿಯಾಗಿಸಿ ಮನೆಗೆ ಕಳಿಸಬಹುದೋ ಅಷ್ಟು ಗಂಟಲುಗಳು ಗಾಯದಿಂದ ಪಾರಾದಂತೆ. ಕೊಳವೆ ಅನಿವಾರ್ಯವಾದವರಲ್ಲಿ ಅದನ್ನು ಇಂದು ತೆಗೆಯಬಹುದೇ ಎಂದು ದಿನವೂ ಕೇಳಿಕೊಳ್ಳುವುದು, ತೆಗೆಯುವ ಮುನ್ನ ಅಪಾಯ ಹೆಚ್ಚಿರುವ ಮಕ್ಕಳಿಗೆ ಊತ ಇಳಿಸುವ ಡೆಕ್ಸಾಮೆಥಸೋನ್ ಕೊಡುವುದು ಒಳ್ಳೆಯ ಘಟಕಗಳ ಪದ್ಧತಿ.

ಮನೆಯಲ್ಲಿ ಗಮನಿಸಬೇಕಾದ್ದು

ಕೊಳವೆ ತೆಗೆದ ಮೊದಲ ಒಂದೆರಡು ದಿನ ಧ್ವನಿ ಒಡೆದಿರುವುದು, ಉಸಿರಿನಲ್ಲಿ ಸ್ವಲ್ಪ ಸದ್ದು ಬರುವುದು ಸಾಮಾನ್ಯ; ಊತ ಇಳಿದಂತೆ ಅದು ಹೋಗುತ್ತದೆ. 72 ಗಂಟೆ ದಾಟಿಯೂ ಉಳಿದ ಸದ್ದು, ಅಥವಾ 72 ಗಂಟೆಯ ನಂತರ ಹೊಸದಾಗಿ ಶುರುವಾದ ಸದ್ದು ಪರೀಕ್ಷೆ ಬೇಡುತ್ತದೆ. ಈ ಸದ್ದನ್ನು ಉಬ್ಬಸದ ಸದ್ದಿನಿಂದ ಬೇರೆ ಮಾಡಿ ಕೇಳುವುದು ತಾಯಂದಿರು ಕಲಿಯಬಹುದಾದ ವಿದ್ಯೆ. ಉಬ್ಬಸದಲ್ಲಿ ಸುಂಯ್ ಎಂಬ ಸದ್ದು ಎದೆಯಿಂದ, ಮುಖ್ಯವಾಗಿ ಉಸಿರು ಬಿಡುವಾಗ ಬರುತ್ತದೆ. ಗಂಟಲು ಕಿರಿದಾದಾಗ ಒರಟಾದ, ಕೀರಲಾದ ಸದ್ದು ಉಸಿರು ಎಳೆಯುವಾಗ, ಇಲ್ಲವೇ ಎಳೆಯುವಾಗಲೂ ಬಿಡುವಾಗಲೂ ಕೇಳುತ್ತದೆ. ಸ್ಟೆತಾಸ್ಕೋಪ್ ಇಲ್ಲದೆ ಮಂಚದ ಪಕ್ಕ ನಿಂತರೂ ಕಿವಿಗೆ ಬೀಳುತ್ತದೆ. ಅತ್ತಾಗ, ಹಾಲು ಕುಡಿಯುವಾಗ, ಶೀತವಾದಾಗ ಜೋರಾಗುತ್ತದೆ. ಅಳು ಸಣ್ಣದಾಗುವುದು ಅಥವಾ ಒಡೆಯುವುದು, ನಾಯಿ ಬೊಗಳಿದಂಥ ಕೆಮ್ಮು ಮತ್ತೆ ಮತ್ತೆ ಬರುವುದು, ಹಾಲು ಕುಡಿಯುತ್ತ ನಡುನಡುವೆ ನಿಲ್ಲಿಸಿ ಏದುಸಿರು ಬಿಡುವುದು, ತೂಕ ಏರದಿರುವುದು ಇದರ ಜೊತೆಗಾರ ಲಕ್ಷಣಗಳು. ನೆಬುಲೈಸರಿನಲ್ಲಿ ಸಾಲ್ಬುಟಮಾಲ್ ಹಾಕಿಸಿಯೂ ಸದ್ದು ಕಡಿಮೆಯಾಗದಿದ್ದರೆ, ಕ್ರೂಪ್ (ಸೋಂಕಿನಿಂದ ಗಂಟಲು ಊದುವುದು) ಎಂದು ವೈದ್ಯರು ಹೇಳಿದ ಕಾಯಿಲೆ ಆರು ತಿಂಗಳೊಳಗಿನ ಮಗುವಿಗೆ ಬಂದರೆ ಅಥವಾ ಮರುಕಳಿಸಿದರೆ, ಹಿಂದಿನ ಕೊಳವೆಯನ್ನು ನೆನಪಿಸಿಕೊಳ್ಳಲೇಬೇಕು.

ತಕ್ಷಣ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು ಬೇರೆ. ಮಗು ಸುಮ್ಮನೆ ಮಲಗಿರುವಾಗಲೂ ಸದ್ದು ಕೇಳುವುದು, ಪಕ್ಕೆ ಸೆಳೆಯುವುದು, ಕತ್ತಿನ ಗುಳಿ ಒಳಕ್ಕೆ ಹೋಗುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು, ಮಂಕಾಗಿ ತೂಕಡಿಸುವುದು. ಒದ್ದಾಡುತ್ತಿದ್ದ ಮಗುವಿನ ಸದ್ದು ಇದ್ದಕ್ಕಿದ್ದಂತೆ ತಗ್ಗಿ ಮಗು ಸುಸ್ತಾದರೆ ವಾಸಿಯಾಯಿತೆಂದು ತಿಳಿಯಬೇಡಿ. ಗಾಳಿಯೇ ಹೋಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. 108ಕ್ಕೆ ಕರೆ ಮಾಡಿ. ಮಗುವನ್ನು ಬಲವಂತವಾಗಿ ಮಲಗಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ, ಅಳಿಸಬೇಡಿ. ಅದಕ್ಕೆ ಆರಾಮವೆನಿಸುವ ಭಂಗಿಯಲ್ಲಿ ತಾಯಿಯ ಎದೆಗೊರಗಿಸಿಕೊಂಡು ಕರೆದೊಯ್ಯಿರಿ. ಬಿಸಿನೀರಿನ ಹಬೆಯಿಂದ ಕಲೆ ಕರಗುವುದಿಲ್ಲ. ಸುಟ್ಟ ಗಾಯಗಳಾಗುವ ಅಪಾಯವೇ ಹೆಚ್ಚು. ಆಸ್ಪತ್ರೆಯಲ್ಲಿ ಅಡ್ರಿನಲಿನ್ ನೆಬುಲೈಸ್ ಮಾಡಿದೊಡನೆ ಸದ್ದು ಇಳಿಯಬಹುದು, ಆದರೆ ಅದರ ಪ್ರಭಾವ ಒಂದೆರಡು ಗಂಟೆಯದು. ಅಷ್ಟಕ್ಕೇ ಮನೆಗೆ ಹೊರಡಬಾರದು. ಸದ್ದಿಗೆ ಬೇರೆ ತುರ್ತು ಕಾರಣಗಳೂ ಇವೆ. ಆರೋಗ್ಯವಾಗಿದ್ದ ಮಗುವಿಗೆ ಆಡುತ್ತ ತಿನ್ನುತ್ತ ಹಠಾತ್ತನೆ ಸದ್ದು ಶುರುವಾದರೆ ಕಡಲೆಬೀಜದಂಥ ವಸ್ತು ಸಿಕ್ಕಿಕೊಂಡಿರಬಹುದು. ಜ್ವರ, ಕತ್ತಿನ ಊತ, ಗಂಟಲಿನಲ್ಲಿ ಬೂದುಪೊರೆ ಕಂಡರೆ, ಅದರಲ್ಲೂ ಲಸಿಕೆ ತಪ್ಪಿದ ಮಗುವಿನಲ್ಲಿ, ಗಂಟಲುಮಾರಿಯನ್ನು ಶಂಕಿಸಬೇಕು.

ಎದುರಾಗುವ ಪ್ರಶ್ನೆಗಳು

ಸದ್ದು ಮಾಡುವ ಮಕ್ಕಳಲ್ಲಿ ಬಹುಪಾಲು ಶೀತ, ಉಬ್ಬಸದವೇ. ಎಲ್ಲರನ್ನೂ ಪರೀಕ್ಷೆಗೆ ಓಡಿಸುವುದು ಅತಿಯಲ್ಲವೇ ಎಂದು ಕೇಳಬಹುದು. ಎಲ್ಲ ಮಕ್ಕಳ ಬಗ್ಗೆ ಆ ಮಾತು ಸರಿ. ಕೊಳವೆ ಹಾಕಿಸಿಕೊಂಡ ಮಕ್ಕಳ ಬಗ್ಗೆ ಸರಿಯಲ್ಲ, ಏಕೆಂದರೆ ಅವರಲ್ಲಿ ಅದೇ ಸದ್ದಿನ ಹಿಂದೆ ಕಲೆ ಇರುವ ಸಾಧ್ಯತೆ ಬಹಳ ಹೆಚ್ಚು. ಪರೀಕ್ಷೆಗೂ ಮೆಟ್ಟಿಲುಗಳಿವೆ. ಮಕ್ಕಳ ವೈದ್ಯರು ಆಲಿಸಿ ನೋಡುವುದು, ಬಳಿಕ ಕಿವಿ-ಮೂಗು-ಗಂಟಲು ತಜ್ಞರು ಮೂಗಿನಿಂದ ತೆಳುವಾದ ದರ್ಶಕ ಇಳಿಸಿ ಧ್ವನಿತಂತುಗಳ ಚಲನೆ ನೋಡುವುದು, ಅನುಮಾನ ಉಳಿದರೆ ಮಾತ್ರ ಅರಿವಳಿಕೆ ಕೊಟ್ಟು ಬ್ರಾಂಕೋಸ್ಕೋಪಿ. ಎಕ್ಸ್‌ರೇ ಸರಿಯಾಗಿದೆ ಎಂಬ ಕಾರಣಕ್ಕೆ ನಿಶ್ಚಿಂತರಾಗುವಂತಿಲ್ಲ. ಕಿರಿದಾದ ಜಾಗವನ್ನು ಕಣ್ಣಾರೆ ಕಂಡು, ಅಳೆದು ನಿರ್ಧರಿಸುವುದು ಬ್ರಾಂಕೋಸ್ಕೋಪಿಯಿಂದಲೇ. ಉಬ್ಬಸವೆಂದು ತಿಳಿದು ತಿಂಗಳುಗಟ್ಟಲೆ ಸ್ಟೀರಾಯ್ಡ್ ಪಂಪು, ಆ್ಯಂಟಿಬಯೋಟಿಕ್ ಕೊಡುತ್ತ ಹೋಗುವುದು ಇದಕ್ಕಿಂತ ಅಗ್ಗವೂ ಅಲ್ಲ, ಸುರಕ್ಷಿತವೂ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಇಂಥ ಅಪಾಯವನ್ನು ಹೇಳಿದರೆ ತಂದೆತಾಯಿ ಹೆದರಿ ಕೊಳವೆಯನ್ನೇ ನಿರಾಕರಿಸಿದರೆ? ವೆಂಟಿಲೇಟರ್ ಎಂದರೆ ಮಗು ಹೋದಂತೆಯೇ ಎಂಬ ಭಯ ನಮ್ಮ ಊರುಗಳಲ್ಲಿ ಮೊದಲೇ ಇದೆ. ಆದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಉಸಿರು ನಿಲ್ಲುತ್ತಿರುವ ಮಗುವಿಗೆ ಕೊಳವೆ ಬೇಡ ಎನ್ನುವುದು ಸಾವನ್ನು ಆರಿಸಿಕೊಂಡಂತೆ. ಕಿರಿದಾದ ಗಂಟಲನ್ನು ಆಮೇಲೆ ಸರಿಪಡಿಸಬಹುದು. ಕೊಳವೆ ಹಾಕಿದ ಬಹುಪಾಲು ಮಕ್ಕಳಿಗೆ ಈ ತೊಂದರೆ ಬರುವುದೂ ಇಲ್ಲ. ಆದರೆ ಅಪಾಯವನ್ನು ಮುಚ್ಚಿಟ್ಟು ಗಳಿಸುವ ಧೈರ್ಯ ಮನೆಗೆ ಹೋದ ಮೇಲೆ ಮಗುವಿಗೇ ಮುಳುವಾಗುತ್ತದೆ. ಕೊಳವೆ ಹಾಕುವ ತುರ್ತಿನ ಗಳಿಗೆಯಲ್ಲಿ ಇದನ್ನೆಲ್ಲ ವಿವರಿಸಬೇಕಿಲ್ಲ. ಮಗು ಚೇತರಿಸಿಕೊಂಡು ಮನೆಗೆ ಹೊರಡುವ ಹೊತ್ತಿಗೆ ಶಾಂತವಾಗಿ ಹೇಳಲು ಸಮಯವಿದೆ. ಹಾಗಾದರೆ ಮೊದಲೇ ಕುತ್ತಿಗೆಯಲ್ಲಿ ಟ್ರೇಕಿಯಾಸ್ಟಮಿ ಮಾಡಿ ಗಂಟಲನ್ನು ಉಳಿಸಬಾರದೇ ಎಂದು ಕೆಲವರು ಕೇಳುತ್ತಾರೆ. ದೊಡ್ಡವರಲ್ಲಿ ಒಂದೆರಡು ವಾರ ಕಳೆದರೆ ಆ ಯೋಚನೆ ಬರುವುದುಂಟು. ಶಿಶುವಿನಲ್ಲಿ ಟ್ರೇಕಿಯಾಸ್ಟಮಿಯ ಕೊಳವೆ ಕಟ್ಟಿಕೊಳ್ಳುವುದು, ಕಳಚುವುದು ಜೀವಕ್ಕೇ ಅಪಾಯ. ಇಡೀ ಮನೆ ವರ್ಷಗಟ್ಟಲೆ ಕಾವಲು ಕಾಯಬೇಕು. ಹಾಗಾಗಿ ಮಕ್ಕಳ ವೈದ್ಯರು ಅದನ್ನು ಮುಂದೂಡುವುದರಲ್ಲಿ ವಿವೇಕವಿದೆ.

ಮಗು ಬೆಳೆದಂತೆ ಗಂಟಲೂ ಅಗಲವಾಗುತ್ತದೆ, ತಾನಾಗಿ ಸರಿಹೋಗುತ್ತದೆ ಎಂಬುದು ಮನೆಯ ಹಿರಿಯರು ಹೇಳುವ ಸಮಾಧಾನ. ಇದರಲ್ಲಿ ಅರ್ಧ ನಿಜವಿದೆ. ಹುಟ್ಟಿನಿಂದಲೇ ಬಂದ ಕಿರಿದು ಗಂಟಲು ಬೆಳವಣಿಗೆಯೊಂದಿಗೆ ಎಷ್ಟೋ ಸಲ ಸುಧಾರಿಸುತ್ತದೆ. ಎಳೆ ಶಿಶುಗಳಲ್ಲಿ ಸದ್ದಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣವಾದ ಲ್ಯಾರಿಂಗೊಮಲೇಶಿಯ, ಅಂದರೆ ಧ್ವನಿಪೆಟ್ಟಿಗೆಯ ಮೆದುತನ, ಸಾಮಾನ್ಯವಾಗಿ ಎರಡು ವರ್ಷದೊಳಗೆ ಹೋಗುತ್ತದೆ. ಕೊಳವೆಯ ಗಾಯದಿಂದಾದ ಗಟ್ಟಿ ಕಲೆ ಹಾಗಲ್ಲ. ಸೌಮ್ಯವಾಗಿದ್ದರೆ ಕಾದು ನೋಡಬಹುದು; ತೀವ್ರವಾಗಿದ್ದರೆ ಕಾಯುವ ಕಾಲವೇ ಅಪಾಯದ ಕಾಲ. ಕಾಯುವುದೋ ಮುಂದುವರಿಯುವುದೋ ಎಂಬ ತೀರ್ಮಾನ ಕಲೆಯನ್ನು ನೋಡಿದ ವೈದ್ಯರದ್ದಾಗಬೇಕು, ನೋಡದವರ ಊಹೆಯದ್ದಲ್ಲ.

ಚಿಕಿತ್ಸೆ ಎಷ್ಟರಮಟ್ಟಿಗೆ ಸಾಧ್ಯ?

ತೀವ್ರತೆಯನ್ನು ಹೇಳಲು 1994ರಲ್ಲಿ ಪ್ರಕಟವಾದ ಮೈಯರ್–ಕಾಟನ್ ಶ್ರೇಣಿ ಎಲ್ಲೆಡೆ ಬಳಕೆಯಲ್ಲಿದೆ. ದಾರಿಯ ಶೇ. 50ರವರೆಗೆ ಮುಚ್ಚಿದ್ದರೆ ಒಂದನೇ ದರ್ಜೆ, 51ರಿಂದ 70 ಎರಡನೇ ದರ್ಜೆ, 71ರಿಂದ 99 ಮೂರನೇ ದರ್ಜೆ, ಪೂರ್ತಿ ಮುಚ್ಚಿದ್ದರೆ ನಾಲ್ಕನೇ ದರ್ಜೆ. ನಿಮ್ಮ ಮಗುವಿನದು ಯಾವ ದರ್ಜೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವೈದ್ಯರೊಂದಿಗಿನ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಒಂದನೇ ದರ್ಜೆಯ ಹಲವು ಮಕ್ಕಳಿಗೆ ನಿಗಾ ಸಾಕು. ಗಾಯ ಇನ್ನೂ ಹಸಿಯಾಗಿ, ಮೆದುವಾಗಿದ್ದರೆ ಬಲೂನಿನಿಂದ ಹಿಗ್ಗಿಸುವುದು ಫಲ ಕೊಡುತ್ತದೆ. ಬೇಗ ಪತ್ತೆ ಹಚ್ಚಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ. ಗಟ್ಟಿಯಾದ ಕಲೆಗೆ ತೆರೆದ ಶಸ್ತ್ರಚಿಕಿತ್ಸೆಯಾಗಬೇಕು. ಪಕ್ಕೆಲುಬಿನ ಮೃದ್ವಸ್ಥಿಯ ತುಣುಕನ್ನು ತೆಗೆದು, ಸೀಳಿದ ಕ್ರೈಕಾಯ್ಡ್ ನಡುವೆ ಕೂರಿಸಿ ದಾರಿ ಅಗಲ ಮಾಡುವ ವಿಧಾನವನ್ನು ಬೆಳೆಸಿದವರಲ್ಲಿ ಅಮೆರಿಕದ ಸಿನ್ಸಿನ್ಯಾಟಿಯ ರಾಬಿನ್ ಕಾಟನ್ ಮುಖ್ಯರು. ಅತಿ ತೀವ್ರವಾದ ಕಿರಿದಾಗುವಿಕೆಯಲ್ಲಿ ಕೆಟ್ಟ ಭಾಗವನ್ನೇ ಕತ್ತರಿಸಿ ತೆಗೆದು ಎರಡು ತುದಿ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಮಕ್ಕಳಲ್ಲಿ ಪ್ರಚುರಗೊಳಿಸಿದವರು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಫಿಲಿಪ್ ಮೋನಿಯೇ. ಮಗುವಿನ ತೂಕ, ಶ್ವಾಸಕೋಶದ ಶಕ್ತಿ, ಆಮ್ಲ ಏರುವ ತೊಂದರೆ ಹತೋಟಿಗೆ ಬಂದಿದೆಯೇ ಎಂಬುದನ್ನೆಲ್ಲ ತೂಗಿ ಕಾಲ ಗೊತ್ತುಮಾಡುತ್ತಾರೆ. ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯದೆ ಹಲವು ಸಲ ಬರಬೇಕಾಗಬಹುದು ಎಂಬುದಕ್ಕೂ ಮನೆಯವರು ಸಿದ್ಧರಿರಬೇಕು.

ಆವರೆಗೆ ಕೆಲವು ಮಕ್ಕಳಿಗೆ ಟ್ರೇಕಿಯಾಸ್ಟಮಿ ಅನಿವಾರ್ಯ. ಅಂಥ ಮಗುವನ್ನು ಮನೆಗೆ ಕರೆತರುವ ಮುನ್ನ ಕನಿಷ್ಠ ಇಬ್ಬರು ಕಫ ಹೀರುವುದನ್ನೂ ಕೊಳವೆ ಬದಲಿಸುವುದನ್ನೂ ಆಸ್ಪತ್ರೆಯಲ್ಲೇ ಕೈಯಾರೆ ಮಾಡಿ ಕಲಿತಿರಬೇಕು. ಸಕ್ಷನ್ ಯಂತ್ರ, ಅದೇ ಅಳತೆಯ ಇನ್ನೊಂದು ಕೊಳವೆ, ಒಂದಳತೆ ಸಣ್ಣದಾದ ಮತ್ತೊಂದು ಕೊಳವೆ, ಕಟ್ಟುವ ಪಟ್ಟಿ, ಕತ್ತರಿ ಸದಾ ಮಗುವಿನ ಪಕ್ಕದಲ್ಲಿರಬೇಕು, ಪ್ರಯಾಣದಲ್ಲೂ ಬಿಡುವಂತಿಲ್ಲ. ವಿದ್ಯುತ್ ಹೋಗುವ ಊರುಗಳಲ್ಲಿ ಬ್ಯಾಟರಿಯ ಅಥವಾ ಕಾಲಿನಿಂದ ತುಳಿಯುವ ಸಕ್ಷನ್ ಬೇಕು. ಇಂಥ ಮಗು ಅತ್ತರೂ ಸದ್ದು ಕೇಳದಿರಬಹುದು, ಆದ್ದರಿಂದ ಒಂಟಿಯಾಗಿ ಬಿಡಬಾರದು. ಗಂಟಲು ಪೂರ್ತಿ ಮುಚ್ಚಿದ ಮಗುವಿಗೆ ತುರ್ತಿನಲ್ಲಿ ಬಾಯಿಯಿಂದ ಊದಿದ ಗಾಳಿ ಶ್ವಾಸಕೋಶ ತಲುಪುವುದಿಲ್ಲ, ಕುತ್ತಿಗೆಯ ರಂಧ್ರದಿಂದಲೇ ಕೊಡಬೇಕು. ಈ ವಿಷಯ ನೆರೆಹೊರೆಯವರಿಗೂ ಅಂಗನವಾಡಿಯ ಶಿಕ್ಷಕಿಗೂ ಗೊತ್ತಿರಲಿ. ಮಾತಿನ ಬೆಳವಣಿಗೆ ಹಿಂದೆ ಬೀಳದಂತೆ ಗಂಟಲು ಸರಿಹೋಗುವವರೆಗೂ ಕಾಯದೆ ವಾಕ್ ಚಿಕಿತ್ಸಕರನ್ನು ಕಾಣಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿಯೇ ಕೆಲಸ ಮಾಡುತ್ತಿದೆ. ಕನ್ನಡದಲ್ಲೇ ನೆರವು ಸಿಗುವ ಇಂಥ ಸಂಸ್ಥೆ ಇರುವುದು ನಮ್ಮವರಿಗೆ ಅನುಕೂಲ.

ಕೈಯಲ್ಲಿರಬೇಕಾದ ಆರು ಸಾಲು

ಡಿಸ್ಚಾರ್ಜ್ ಸಾರಾಂಶದಲ್ಲಿ ಸಾಮಾನ್ಯವಾಗಿ ವೆಂಟಿಲೇಟರಿನ ದಿನಗಳಷ್ಟೇ ಇರುತ್ತವೆ. ಇನ್ನೂ ಆರು ಸಂಗತಿಗಳನ್ನು ಕೇಳಿ ಬರೆಸಿಕೊಳ್ಳಿ: ಕೊಳವೆಯ ಅಳತೆ ಎಷ್ಟು, ಕಫ್ ಇತ್ತೇ, ಯಾವ ದಿನದಿಂದ ಯಾವ ದಿನದವರೆಗೆ ಇತ್ತು, ಎಷ್ಟು ಬಾರಿ ಮತ್ತೆ ಹಾಕಬೇಕಾಯಿತು, ಹಾಕುವಾಗ ಕಷ್ಟವಾಯಿತೇ, ತೆಗೆದ ಮೇಲೆ ಸದ್ದು ಬಂದಿತ್ತೇ ಮತ್ತು ಎಷ್ಟು ದಿನ ಇತ್ತು. ಇದು ವೈದ್ಯರನ್ನು ಪ್ರಶ್ನಿಸಿದಂತಾಗುತ್ತದೆ ಎಂಬ ಅಳುಕು ಬೇಡ. ದಾಖಲೆಯಲ್ಲಿರುವ ಮಾಹಿತಿಯನ್ನು ಕೇಳುವುದು ತಂದೆತಾಯಿಯ ಹಕ್ಕು. ಆ ಸಾಲುಗಳನ್ನು ತಾಯಿ ಕಾರ್ಡಿನ ಜೊತೆ ಇಟ್ಟು ಪ್ರತಿ ವೈದ್ಯರಿಗೂ ತೋರಿಸಿ. ಮುಂದೆ ಹರ್ನಿಯಾಕ್ಕೋ ಟಾನ್ಸಿಲ್‌ಗೋ ಅರಿವಳಿಕೆ ಕೊಡುವಾಗಲೂ ಅವು ಬೇಕು. ಹಳೆಯ ಕಲೆ ಇರಬಹುದೆಂದು ಗೊತ್ತಿದ್ದರೆ ಅರಿವಳಿಕೆ ತಜ್ಞರು ಸಣ್ಣ ಕೊಳವೆಗಳನ್ನು ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಸದ್ದು ಬಂದಾಗ ಮಗುವಿನ ಎದೆ ಕಾಣುವಂತೆ ಅರ್ಧ ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿ; ಆಸ್ಪತ್ರೆ ತಲುಪುವಷ್ಟರಲ್ಲಿ ಸದ್ದು ನಿಂತಿದ್ದರೂ ವೈದ್ಯರಿಗೆ ಸಾಕ್ಷ್ಯ ಸಿಗುತ್ತದೆ.

ದೂರದ ತಾಲ್ಲೂಕುಗಳಲ್ಲಿ ತಜ್ಞರೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಗಂಟಲಿನ ಶಸ್ತ್ರಚಿಕಿತ್ಸೆ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಆಗುವ ಕೆಲಸ. ಆದರೆ ಅನುಮಾನಿಸುವುದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ನವಜಾತ ಶಿಶುಗಳ ಮನೆಗೆ ಆಶಾ ಕಾರ್ಯಕರ್ತೆಯರು ಮೊದಲ 42 ದಿನ ಬರುವ ವ್ಯವಸ್ಥೆ ಈಗಾಗಲೇ ಇದೆ. ಜಿಲ್ಲಾ ಮಟ್ಟದ ವಿಶೇಷ ನವಜಾತ ಶಿಶು ಘಟಕದಿಂದ ಹೊರಬಂದ ಮಕ್ಕಳ ಕಣ್ಣು, ಕಿವಿ, ಬೆಳವಣಿಗೆ ನೋಡುವ ಪದ್ಧತಿಯೂ ಇದೆ. ಆ ಪಟ್ಟಿಗೆ ಮಗುವಿಗೆ ಕೊಳವೆ ಹಾಕಿದ್ದರೇ, ಈಗ ಉಸಿರಿನಲ್ಲಿ ಸದ್ದಿದೆಯೇ ಎಂಬ ಎರಡು ಪ್ರಶ್ನೆ ಸೇರಿಸಲು ಹಣ ಬೇಡ, ಹೊಸ ಯಂತ್ರ ಬೇಡ. ಎರಡಕ್ಕೂ ಹೌದೆಂಬ ಉತ್ತರ ಬಂದ ಮಗುವನ್ನು ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕಳಿಸಬೇಕು. ಅಲ್ಲಿಂದ ಮುಂದೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ನೆರವು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಬಹುದು. ಮಗುವನ್ನು ಉಳಿಸಲು ವಾರಗಟ್ಟಲೆ ದುಡಿದ ಘಟಕ ಆ ಆರು ಸಾಲು ಬರೆದು ಕೊಡಲಿ. ಮನೆಯವರು ಅದನ್ನು ಜೋಪಾನ ಮಾಡಲಿ. ಊರಿನ ವೈದ್ಯರು ಔಷಧ ಬರೆಯುವ ಮುನ್ನ ಅದನ್ನು ಓದಲಿ. ಕಲೆ ಮೆದುವಾಗಿರುವಾಗಲೇ ಅದು ತಜ್ಞರ ಕಣ್ಣಿಗೆ ಬೀಳುವುದು ಈ ಮೂವರೂ ತಮ್ಮ ಪಾಲಿನ ಕೆಲಸ ಮಾಡಿದಾಗ ಮಾತ್ರ.